ಇಪ್ಪತ್ತು ಬಕೆಟ್ ಒಳಗೆ, ಇಪ್ಪತ್ತೊಂಬತ್ತು ಹೊರಗೆ

ಬಕೆಟ್ಟಿನೊಳಗೆ ಗೆರೆ ಎಳೆಯುವುದು ಏನು ಮಹಾ ಕೆಲಸ ಎಂದುಕೊಂಡಿದ್ದೆ. ನೂರು ಬಕೆಟ್ಟಿಗೆ ಗೆರೆ ಎಳೆಯುವಷ್ಟರಲ್ಲಿ ಸೊಂಟ ಬಿದ್ದುಹೋಯಿತು. ಅಳತೆಪಾತ್ರೆಯಿಂದ ಐದು ಲೀಟರ್ ಸುರಿಯಬೇಕು, ನೀರು ಅಲುಗದೆ ನಿಲ್ಲುವವರೆಗೆ ಕಾಯಬೇಕು, ಒಳಗೆ ತಲೆ ತೂರಿಸಿ ಗುರುತು ಹಾಕಬೇಕು. ಮತ್ತೆ ಐದು ಲೀಟರ್, ಮತ್ತೆ ಗುರುತು. ಮಾರ್ಕರ್ ಪೆನ್ನಿನ ಗೆರೆ ಎರಡೇ ದಿನಕ್ಕೆ ತೊಳೆದುಹೋಯಿತು. ಬಣ್ಣ ಬಳಿದೆವು, ಪ್ಲಾಸ್ಟಿಕ್ಕಿನ ಮೇಲೆ ಅದು ಸಿಪ್ಪೆಯ ಹಾಗೆ ಎದ್ದುಬಂತು. ಕೊನೆಗೆ ಸ್ಕ್ರೂಡ್ರೈವರ್ ಕಾಯಿಸಿ ಗೀರಿದೆವು. ಬಕೆಟ್ ಇರುವವರೆಗೂ ಆ ಗೆರೆ ಇರುತ್ತದೆ.

ಆಗ ನಾನು ಯಲಹಂಕದ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಗದಗ ಕಡೆಯವಳು. ಬಾಯಿ ಜೋರು, ಕೋಪ ಮೂಗಿನ ತುದಿಯಲ್ಲೇ. ನಮ್ಮ ವಿಭಾಗಕ್ಕೆ ಒಂದು ಕೆಲಸ ಬಂದಿತ್ತು. ಸಾಮಾನ್ಯ ಮನೆಗಳಲ್ಲಿ ಅಡುಗೆಗೆ ಎಷ್ಟು ನೀರು, ಸ್ನಾನಕ್ಕೆ ಎಷ್ಟು, ಬಟ್ಟೆಗೆ, ಪಾತ್ರೆಗೆ, ನೆಲ ಒರೆಸಲು, ಶೌಚಾಲಯಕ್ಕೆ, ಗಿಡಕ್ಕೆ ಎಷ್ಟು ಎಂದು ಅಳೆದು ಕೊಡಬೇಕು. ಹೊಸ ಕೊಳವೆ ಹಾಕುವವರಿಗೆ ಆ ಲೆಕ್ಕ ಬೇಕಾಗಿತ್ತು. ವಿಭಾಗದ ಮುಖ್ಯಸ್ಥರು ಮೇಲೆ, ಕೆಳಗೆ ನಾನು, ನನ್ನ ಕೈಕೆಳಗೆ ಮನೆಮನೆಗೆ ಹೋಗುವ ನಾಲ್ವರು ಹೆಂಗಸರು. ಮನೆಗಳು ಒಟ್ಟು ನೂರು.

ಫಾರ್ಮ್ ತಯಾರಿಸಿದವಳು ನಾನೇ. ಓದು ಬಾರದವರಿಗೂ ತಿಳಿಯಲೆಂದು ಏಳು ಕೆಲಸಕ್ಕೆ ಏಳು ಚಿತ್ರ ಹಾಕಿದ್ದೆ: ಒಲೆ, ಚೊಂಬು, ಬಟ್ಟೆ ಒಗೆಯುವ ಕಲ್ಲು, ತಟ್ಟೆ, ಹೀಗೆ. ಒಂದು ಬಕೆಟ್ ಬಳಸಿದರೆ ಆ ಚಿತ್ರದ ಕೆಳಗೆ ಒಂದು ಗೀಟು, ಅರ್ಧವಾದರೆ ಅರ್ಧ ಗೀಟು. ಇದಲ್ಲದೆ ಪ್ರತಿ ಮನೆಯ ನಲ್ಲಿಗೂ ಸಣ್ಣ ಮೀಟರ್ ಕೂರಿಸಿದೆವು. ನೀರು ದಿನ ಬಿಟ್ಟು ದಿನ ಬೆಳಿಗ್ಗೆ ಬರುತ್ತಿತ್ತು. ಹೆಂಗಸರು ಡ್ರಮ್ಮಿನಲ್ಲಿ ತುಂಬಿಟ್ಟುಕೊಳ್ಳುತ್ತಿದ್ದರು. ಮೀಟರ್ ಎಷ್ಟು ಬಂತೆಂದು ಹೇಳುತ್ತದೆ, ಡ್ರಮ್ಮಿಗೆ ಇಳಿಬಿಡುವ ಅಳತೆಕೋಲು ಎಷ್ಟು ಉಳಿಯಿತೆಂದು ಹೇಳುತ್ತದೆ, ಗೀಟುಗಳು ಎಲ್ಲಿ ಖರ್ಚಾಯಿತೆಂದು ಹೇಳುತ್ತವೆ. ಕಾಗದದ ಮೇಲೆ ಎಷ್ಟು ಚೆಂದ!

ನಾಲ್ವರಲ್ಲಿ ಅಳ್ಳಾಳಸಂದ್ರದ ಇಪ್ಪತ್ತೆರಡು ಮನೆ ನೋಡಿಕೊಳ್ಳುತ್ತಿದ್ದವರು ಅದೇ ಊರಿನವರು. ಹುಟ್ಟಿದ್ದು ಅಲ್ಲೇ, ಮದುವೆಯಾಗಿ ಹೋದದ್ದು ನಾಲ್ಕು ಬೀದಿ ಆಚೆಗೆ. ನನಗಿಂತ ಹತ್ತು ವರ್ಷ ದೊಡ್ಡವರು. ತುರುಬಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಹೆಗಲಿಗೆ ನೈಲಾನ್ ಚೀಲ ಹಾಕಿಕೊಂಡು ಹೊರಟರೆ ಬೀದಿಯವರು "ಅಳತೆ ಅಕ್ಕ ಬಂದ್ರು" ಅನ್ನುತ್ತಿದ್ದರು. ನಾನೂ ಇಲ್ಲಿ ಅವರನ್ನು ಹಾಗೆಯೇ ಕರೆಯುತ್ತೇನೆ. ಇನ್ನೊಬ್ಬರ ಮನೆಯ ಬಚ್ಚಲಿಗೆ ಹೋಗಿ ಬಕೆಟ್ ಬಗ್ಗಿ ನೋಡುವುದು ಹುಡುಗಾಟವಲ್ಲ. ಅವರು ಮಾತ್ರ ಬಾಗಿಲಲ್ಲೇ ನಿಂತು, "ಅಲ್ಲ ಕಣಮ್ಮಿ, ನಿಮ್ಮೆಜಮಾನ್ರು ಬೆಳಿಗ್ಗೆ ಎಷ್ಟು ಉಯ್ಕೊಂಡ್ರು?" ಎಂದು ಕೇಳಿ, ಉತ್ತರ ಬರುವಷ್ಟರಲ್ಲಿ ಒಳಗೇ ಹೋಗಿರುತ್ತಿದ್ದರು.

ಮೊದಲ ವಾರ ಬರೀ ಪಜೀತಿ. ಒಂದು ಮನೆಯಲ್ಲಿ ನಾವು ಕೊಟ್ಟ ಹೊಸ ಬಕೆಟ್ ಅಟ್ಟ ಸೇರಿತ್ತು. ಮಗಳ ಸೀಮಂತಕ್ಕೆ ಬೇಕಂತೆ. ಇನ್ನೊಂದು ಮನೆಯಲ್ಲಿ ಅದರ ತುಂಬ ರಾಗಿ ಹಿಟ್ಟು. ನಿವೃತ್ತರಾದ ಹಿರಿಯರೊಬ್ಬರು, ಅಳೆಯುತ್ತಾರೆಂದು ಗೊತ್ತಾದದ್ದೇ ತಡ, ಅರ್ಧ ಬಕೆಟ್ಟಿನಲ್ಲಿ ಸ್ನಾನ ಮುಗಿಸತೊಡಗಿದರು. ನಾಲ್ಕನೇ ದಿನ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, "ಅಳತೆ ಬೇಗ ಮುಗಿಸ್ರಮ್ಮಾ. ಇವ್ರು ಮನುಷ್ಯರ ಥರ ಸ್ನಾನ ಮಾಡ್ಲಿ. ಪಕ್ಕ ಕೂರಕ್ಕಾಗ್ತಿಲ್ಲ" ಎಂದರು. ಅಂದಿನಿಂದ ಯಾವ ಮನೆಯದ್ದೇ ಆಗಲಿ, ಮೊದಲ ನಾಲ್ಕು ದಿನದ ಲೆಕ್ಕವನ್ನು ಬಿಟ್ಟುಬಿಡುವ ನಿಯಮ ಮಾಡಿದೆವು. ಅಷ್ಟು ದಿನವಾದರೆ ಜನ ನಮ್ಮನ್ನು ಮರೆತು ಮಾಮೂಲಿಗೆ ಬರುತ್ತಿದ್ದರು.

ಎರಡನೇ ವಾರ ಅಳತೆ ಅಕ್ಕನ ಫಾರ್ಮುಗಳಲ್ಲಿ ಹೊಸದೊಂದು ಕಾಣಿಸಿತು. ಗೀಟುಗಳ ಜೊತೆಗೆ ಒಂದು ಚಿತ್ರದಿಂದ ಇನ್ನೊಂದಕ್ಕೆ ಬಾಗಿದ ಗೆರೆಗಳು, ಅಲ್ಲಲ್ಲಿ ಸುತ್ತುಗಳು. ನನಗೋ ಅಂದು ನೂರೆಂಟು ತಲೆನೋವು.

"ಇದೇನ್ರಿ ಅಕ್ಕಾರ, ಫಾರ್ಮ್ ಮ್ಯಾಲೆ ರಂಗೋಲಿ ಹಾಕೀರಿ?" ಎಂದೆ.

"ಅಲ್ಲ ಮೇಡಂ, ಆ ನೀರು ಅಲ್ಲಿಗೇ ಮುಗಿಯಲ್ವಲ್ಲ, ಅದಕ್ಕೆ..."

"ಗೀಟು ಅಷ್ಟ ಸಾಕ್ರಿ. ಕಂಪ್ಯೂಟರಿಗೆ ನಿಮ್ಮ ರಂಗೋಲಿ ತಿಳಿಯಂಗಿಲ್ಲ. ಎಲ್ಲಾ ಅಳಸ್ರಿ."

ಅವರು ಕಟ್ಟೆಯ ಮೇಲೆ ಕುಳಿತು, ರಬ್ಬರ್ ತೆಗೆದುಕೊಂಡು, ಒಂದೊಂದೇ ಹಾಳೆಯ ಗೆರೆಗಳನ್ನು ಅಳಿಸಿ, ಪುಡಿಯನ್ನು ಸೆರಗಿನಿಂದ ಕೊಡವಿ ಕೊಟ್ಟರು. ಮುಂದಿನ ವಾರಗಳಲ್ಲೂ ಅವರ ಹಾಳೆಗಳ ಮೇಲೆ ರಬ್ಬರಿನ ಮಸಕು ಇರುತ್ತಿತ್ತು. ನಾನು ಅದನ್ನು ಗಮನಿಸಿದ್ದೆ, ಕೇಳಲಿಲ್ಲ.

ತಿಂಗಳು ಮುಗಿದು ಲೆಕ್ಕ ಕೂಡಿಸಿದಾಗ ತಲೆ ತಿರುಗಿತು. ಅಳ್ಳಾಳಸಂದ್ರದ ಹದಿನೇಳನೇ ನಂಬರ್ ಮನೆಯಲ್ಲಿ ದಿನಕ್ಕೆ ಒಳಗೆ ಬಂದದ್ದು ಇಪ್ಪತ್ತು ಬಕೆಟ್. ಖರ್ಚಾದದ್ದು ಇಪ್ಪತ್ತೊಂಬತ್ತು! ಅದೊಂದೇ ಅಲ್ಲ, ಅಳತೆ ಅಕ್ಕನ ಇಪ್ಪತ್ತೆರಡು ಮನೆಗಳದ್ದೂ ಹೆಚ್ಚುಕಡಿಮೆ ಅದೇ ಕಥೆ. ಮೀಟರ್ ಬಿಚ್ಚಿಸಿ ಪರೀಕ್ಷೆ ಮಾಡಿದೆ, ಸರಿಯಿದೆ. ಟ್ಯಾಂಕರ್ ತರಿಸಿದ್ದಾರಾ, ಪಕ್ಕದ ಬೋರ್‌ವೆಲ್‌ನಿಂದ ತಂದಿದ್ದಾರಾ ಎಂದು ಫೋನಿನಲ್ಲೇ ವಿಚಾರಿಸಿದೆ, ಇಲ್ಲ. ಉಳಿದ ಮೂವರ ಮನೆಗಳಲ್ಲಿ ಲೆಕ್ಕ ತಪ್ಪಿದ್ದು ಉಲ್ಟಾ. ಇಪ್ಪತ್ತು ಬಂದರೆ ಹದಿನಾರಕ್ಕೆ ಮಾತ್ರ ಗೀಟು. ಅದಕ್ಕೆ ನಾವು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ, ಸೋರಿಕೆ ಎಂದು ಬರೆದು ಮುಂದೆ ಹೋಗಿದ್ದೆವು. ನೀರು ಕಡಿಮೆಯಾದರೆ ನಲ್ಲಿಯ ತಪ್ಪು, ಹೆಚ್ಚಾದರೆ ಬರೆದವಳ ತಪ್ಪು!

ಗುರುವಾರ ಮುಖ್ಯಸ್ಥರಿಗೆ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿಕೊಂಡು ನಕ್ಕರು.

"ಏನ್ರೀ ಇದು? ನಲ್ಲೀಲಿ ಬರದೇ ಇರೋ ನೀರು ಮನೇಲಿ ಹೆಂಗ್ರೀ ಖರ್ಚಾಗುತ್ತೆ? ಆಯಮ್ಮ ಮನೇಲಿ ಕೂತ್ಕೊಂಡು ಫಾರ್ಮ್ ತುಂಬಿದಾರೆ ಅಷ್ಟೇ. ಸೋಮವಾರ ರಿವ್ಯೂ ಇದೆ. ಆ ಇಪ್ಪತ್ತೆರಡು ಮನೆ ತೆಗೆದುಬಿಡಿ. ಅವರನ್ನೂ ಬಿಡಿಸಿಬಿಡಿ."

ನನಗೂ ಹಾಗೇ ಅನ್ನಿಸಿತ್ತು. ಸುಳ್ಳು ಹೇಳಿ ಏನು ಪ್ರಯೋಜನ? ಒಂದು ತಿಂಗಳ ಕೆಲಸ ನೀರಲ್ಲಿ ಹೋಮವಾಯಿತಲ್ಲ ಎಂಬ ಸಿಟ್ಟು ಬೇರೆ.

ಶುಕ್ರವಾರ ಬೆಳಿಗ್ಗೆ ಗಂಗಾನಗರದ ನನ್ನ ಮನೆಯಿಂದ ನೇರ ಅಳ್ಳಾಳಸಂದ್ರಕ್ಕೆ ಹೋದೆ. ಬಳ್ಳಾರಿ ರಸ್ತೆಯಲ್ಲಿ ಮೇಲ್ಸೇತುವೆ ಕೆಲಸ, ಬಸ್ಸು ತೆವಳುತ್ತಿತ್ತು. ಕೋಪ ಕಾಯಲು ಬೇಕಾದಷ್ಟು ಹೊತ್ತು ಸಿಕ್ಕಿತು. ಅಂದು ನೀರು ಬರುವ ದಿನ. ಹದಿನೇಳನೇ ಮನೆಯ ಮುಂದೆ ಬೀದಿಯ ಹೆಂಗಸರೆಲ್ಲ ಇದ್ದರು. ರಿವ್ಯೂವರೆಗೆ ಅಳತೆ ನಿಲ್ಲಿಸಿರಲಿಲ್ಲ, ಅಳತೆ ಅಕ್ಕ ಮೀಟರ್ ಓದುತ್ತಿದ್ದರು. ಪಕ್ಕಕ್ಕೆ ಕರೆದು ಕೇಳಬಹುದಿತ್ತು. ಕರೆಯಲಿಲ್ಲ. ಅಷ್ಟು ಜನರ ಎದುರೇ, ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ, ಪಾಠ ಹೇಳುವ ದನಿಯಲ್ಲಿ ಬೈದೆ. "ಮನ್ಯಾಗ ಕುಂತು ಫಾರ್ಮ್ ತುಂಬಿದ್ರೆ ಗೊತ್ತಾಗಂಗಿಲ್ಲ ಅಂತ ಮಾಡೀರೇನು? ಇಪ್ಪತ್ತೆರಡು ಮನಿದೂ ಸುಳ್ಳು ಲೆಕ್ಕ. ಇನ್ನ ಮ್ಯಾಲೆ ನೀವು ಬರೋದು ಬ್ಯಾಡ."

ಅಳತೆ ಅಕ್ಕ ಹೆಗಲಿನ ಚೀಲ ತೆಗೆದು ನನ್ನ ಕೈಗೆ ಕೊಟ್ಟರು.

"ನಾನು ಉಟ್ಟಿ ಬೆಳೆದ ಊರು ಮೇಡಂ ಇದು," ಎಂದರು. "ಇಷ್ಟು ವರ್ಸದಲ್ಲಿ ಇಲ್ಲಿ ಯಾರೂ ನನ್ನ ಸುಳ್ಳುಗಾತಿ ಅಂದಿರ್ಲಿಲ್ಲ."

ಅಷ್ಟೇ ಹೇಳಿ ಹೊರಟುಹೋದರು. ಹದಿನೇಳನೇ ಮನೆಯ ಗೃಹಿಣಿ ಕೊಡ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದವರು, "ನೀವು ಯಾವತ್ತಾದ್ರೂ ಒಳಗೆ ಬಂದು ಕೂತ್ಕೊಂಡು ನೋಡಿದೀರಾ ಮೇಡಂ?" ಎಂದು ಕೇಳಿದರು. ನಾನು ಆ ಚೀಲ ಹಿಡಿದುಕೊಂಡು ಬಸ್ಸು ಹತ್ತಿದೆ.

ಕಿಟಕಿ ಪಕ್ಕ ಸೀಟು ಸಿಕ್ಕಿತು. ಮನೆಗಳನ್ನು ತೆಗೆದುಹಾಕುವ ಮೊದಲು ಸಂಖ್ಯೆ ನೋಡಿಕೊಳ್ಳೋಣವೆಂದು ಚೀಲದಿಂದ ಹಾಳೆ ತೆಗೆದೆ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಿತ್ತು. ಅಳಿಸಿದ ಗೆರೆಗಳ ಗುರುತು ಕಾಗದದಲ್ಲಿ ತಗ್ಗಾಗಿ ಉಳಿದಿತ್ತು. ಬಟ್ಟೆ ಒಗೆಯುವ ಕಲ್ಲಿನಿಂದ ಹೊರಟ ಗೆರೆ ನೆಲ ಒರೆಸುವ ಬಟ್ಟೆಗೆ, ಅಲ್ಲಿಂದ ಶೌಚಾಲಯಕ್ಕೆ. ಒಲೆಯಿಂದ ತಟ್ಟೆಗೆ, ತಟ್ಟೆಯಿಂದ ಗಿಡಕ್ಕೆ. ಇದು ರಂಗೋಲಿಯಾಗಿರಲಿಲ್ಲ. ಒಂದೇ ನೀರು ಎಲ್ಲೆಲ್ಲಿ ಹೋಯಿತೆಂದು ಆ ಹೆಂಗಸು ಬರೆದಿಟ್ಟಿದ್ದರು. ನನ್ನ ಫಾರ್ಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ, ಇದ್ದಷ್ಟು ಜಾಗದಲ್ಲಿ ಬರೆದದ್ದನ್ನು ನಾನು ಅಳಿಸಿಸಿದ್ದೆ.

ಹೆಬ್ಬಾಳದಲ್ಲಿ ಇಳಿದು, ರಸ್ತೆ ದಾಟಿ, ವಾಪಸ್ ಬಸ್ಸು ಹಿಡಿದೆ. ಅಳತೆ ಅಕ್ಕನ ಮನೆಗೇ ಹೋಗಬೇಕಿತ್ತು, ಆದರೆ ಬರಿಗೈಲಿ ಹೋಗಲು ಮುಖವಿರಲಿಲ್ಲ. ಮೊದಲು ಕಣ್ಣಾರೆ ನೋಡಬೇಕು ಎಂದುಕೊಂಡು ಹದಿನೇಳನೇ ಮನೆಯ ಬಾಗಿಲಿಗೆ ಹೋಗಿ, "ಕುಂದರ್ಲೇನ್ರಿ?" ಎಂದು ಕೇಳಿದೆ. ಗೃಹಿಣಿ ಒಂದು ಮಣೆ ತಂದು ಹಿತ್ತಲ ಬಾಗಿಲಲ್ಲಿ ಹಾಕಿದರು.

ಆ ಮನೆಯಲ್ಲಿ ಐದು ಜನ. ಗಂಡ ಯಶವಂತಪುರದ ಕಡೆ ಕಾರ್ಖಾನೆಯಲ್ಲಿ, ಇಬ್ಬರು ಹೆಣ್ಣುಮಕ್ಕಳು ಶಾಲೆಯಲ್ಲಿ, ಮನೆಯಲ್ಲಿ ಅತ್ತೆ ಮತ್ತು ನನಗೆ ಮಣೆ ಹಾಕಿದ ಈ ಸೊಸೆ. ಅಂದಿನ ಅಡುಗೆ, ಸ್ನಾನ ಅದಾಗಲೇ ಶುರುವಾಗಿದ್ದವು. ಅಷ್ಟರವರೆಗಿನದನ್ನು ಅಳತೆ ಅಕ್ಕ ಬರೆದಿದ್ದ ಹಾಳೆಯಿಂದಲೇ ತೆಗೆದುಕೊಂಡೆ. ಸುಳ್ಳು ಎಂದಿದ್ದ ಅದೇ ಹಾಳೆಯಿಂದ. ಮುಂದೆ ಡ್ರಮ್ಮಿನಿಂದ ತೆಗೆದ ಪ್ರತಿ ಬಕೆಟ್ಟಿಗೂ ಸೀಮೆಸುಣ್ಣದಿಂದ ನಂಬರ್ ಹಾಕಿ, ಅದರ ಹಿಂದೆ ಹಿಂದೆ ಹೋದೆ.

ಬಿಳಿ ಯೂನಿಫಾರ್ಮನ್ನು ಕೊನೆಯ ಸಲ ಜಾಲಿಸಿದ ನೀರನ್ನು ಚೆಲ್ಲಲಿಲ್ಲ, ಅದರಲ್ಲಿ ಬಣ್ಣದ ಬಟ್ಟೆ ನೆನೆಸಿದರು. ಬಣ್ಣದ ಬಟ್ಟೆ ಜಾಲಿಸಿದ ನೀರು ನೆಲ ಒರೆಸಲು ಹೋಯಿತು, ಒರೆಸಿ ಉಳಿದದ್ದು ಶೌಚಾಲಯಕ್ಕೆ. ಸೋಪಿನ ಗಟ್ಟಿ ನೊರೆ ನೀರಲ್ಲಿ ಬಚ್ಚಲು ಉಜ್ಜಿದರು. ಅಕ್ಕಿ ತೊಳೆದ ನೀರಲ್ಲಿ ಸೊಪ್ಪಿನ ಮಣ್ಣು ಬಿಡಿಸಿ, ಆ ನೀರಲ್ಲಿ ಎಂಜಲು ತಟ್ಟೆಗಳನ್ನು ಮೊದಲ ಸಲ ತೊಳೆದು, ಅದನ್ನು ಕರಿಬೇವಿನ ಬುಡಕ್ಕೆ ಹಾಕಿದರು. ಒಂದು ತೊಟ್ಟೂ ಸುಮ್ಮನೆ ಮೋರಿ ಸೇರಲಿಲ್ಲ. ನಾನು ಬೆರಗಾಗಿ ನೋಡುತ್ತಿದ್ದೆ. ಗಡಿಬಿಡಿಯಿಲ್ಲ, ಯಾವ ಬಕೆಟ್ ಯಾವುದಕ್ಕೆ ಎಂದು ಒಮ್ಮೆಯೂ ತಡವರಿಸಲಿಲ್ಲ.

"ಯಾವ ನೀರು ಎಲ್ಲಿಗೆ ಅಂತ ಹೆಂಗ ಗೊತ್ತಾಕ್ಕೈತ್ರಿ ನಿಮಗ?" ಎಂದು ಕೇಳಿದೆ.

ಸೊಸೆ ನಕ್ಕರು. ಅತ್ತೆ ಒಳಗಿನಿಂದಲೇ, "ಅದ್ರಲ್ಲೇನವ್ವಾ ಗೊತ್ತಾಗದು? ಬಚ್ಚಲಿಗೆ ಇಳಿದ ನೀರು ಅಡ್ಗೆ ಮನೆಗೆ ಬರಂಗಿಲ್ಲ. ಮಿಕ್ಕಿದ್ದು ತಾನೇ ದಾರಿ ನೋಡ್ಕೊತದೆ" ಎಂದರು.

ನೀರಿನ ಮರುಬಳಕೆಯ ಬಗ್ಗೆ ಕಾಲೇಜಿನಲ್ಲಿ ಗಂಟೆಗಟ್ಟಲೆ ಪಾಠ ಮಾಡುತ್ತಿದ್ದವಳು ನಾನು. ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಹಾಕಿ ತೋರಿಸುತ್ತಿದ್ದೆ. ಅದೇ ಬಾಣ ಪೆನ್ಸಿಲಿನಲ್ಲಿ ನನ್ನ ಕಣ್ಣೆದುರಿಗೆ ಬಂದಾಗ ಗುರುತೇ ಹಿಡಿಯಲಿಲ್ಲವಲ್ಲ, ಛೆ! ಸಂಜೆ ನಾಲ್ಕಕ್ಕೆ ಲೆಕ್ಕ ಹಾಕಿದೆ. ಡ್ರಮ್ಮಿನಿಂದ ತೆಗೆದದ್ದು ಇಪ್ಪತ್ತೊಂದು ಬಕೆಟ್. ಆದ ಕೆಲಸ ಮೂವತ್ತು ಬಕೆಟ್ಟಿನದು.

ಅಲ್ಲಿಂದ ಅಳತೆ ಅಕ್ಕನ ಮನೆಗೆ ಹೋದೆ. ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಬನ್ನಿ ಎಂದರು, ಕೂತ್ಕೊಳ್ಳಿ ಎನ್ನಲಿಲ್ಲ. ನಿಂತುಕೊಂಡೇ ಹೇಳಿದೆ.

"ತಪ್ಪಾತ್ರಿ ಅಕ್ಕಾರ. ನಿಮ್ಮ ಗೆರಿ ನನಗ ತಿಳೀಲಿಲ್ಲ. ಇವತ್ತು ಮುಂಜಾನಿಂದ ಕುಂತು ನೋಡಿ ಬಂದೆ. ನೀವು ಬರದದ್ದು ಒಂದೂ ಸುಳ್ಳಲ್ಲ. ಸೋಮವಾರ ಮ್ಯಾಲಿನವರಿಗೆ ಲೆಕ್ಕ ಕೊಡೋದೈತಿ, ಅಲ್ಲೂ ಇದನ್ನ ಹೇಳ್ತೇನ್ರಿ."

ಅವರು ಇನ್ನೊಂದು ಕಾಯಿ ಸುಲಿದರು. "ಇಲ್ಲಿ ಅಂದ್ರೆ ಏನ್ ಬಂತು ಮೇಡಂ? ಎಲ್ಲಿ ಬೈದ್ರೋ ಅಲ್ಲಿ ಅನ್ಬೇಕು."

"ಅಲ್ಲೇ ಬಂದು ಅಂತೇನ್ರಿ."

"ಆ ಇಪ್ಪತ್ತೆರಡು ಮನೆಯೋರು ನನ್ನ ನಂಬಿ ಬಚ್ಚಲ ಬಾಗ್ಲು ತೆಗೆದಿದ್ರು. ನಾಳೆ ನಾನು ಆ ಬೀದೀಲಿ ಎಂಗೆ ಓಡಾಡ್ಲಿ?"

ಆಗ ಅವರ ದನಿ ಒಡೆಯಿತು. ನನ್ನ ಕಣ್ಣಲ್ಲೂ ನೀರು ಬಂತು. ಅವರೇ ಮೊರ ಪಕ್ಕಕ್ಕಿಟ್ಟು, "ಸೋಮವಾರಕ್ಕೆ ಕೊಡ್ಬೇಕು ಅಂದ್ರಲ್ವಾ? ಮೊದ್ಲು ಅದು ಮುಗೀಲಿ. ಚೀಲ ಕೊಡಿ" ಎಂದರು.

ಶನಿವಾರ, ಭಾನುವಾರ ಅವರ ಜಗಲಿಯೇ ನಮ್ಮ ಕಚೇರಿ. ತಿಂಗಳ ಉಳಿದ ಹಾಳೆಗಳನ್ನು ಕಾಲೇಜಿನಿಂದ ತಂದುಕೊಂಡೆ. ಅಳಿಸಿದ ಗೆರೆ ಓದುವ ಉಪಾಯವನ್ನು ಅವರೇ ಕಂಡುಹಿಡಿದರು. ಪೆನ್ಸಿಲಿನ ಮೊನೆಯನ್ನು ಮಲಗಿಸಿ ಹಾಳೆಯ ಮೇಲೆ ಹಗುರವಾಗಿ ಉಜ್ಜಿದರೆ ತಗ್ಗಿನಲ್ಲಿದ್ದ ಗೆರೆಗಳು ಬೆಳ್ಳಗೆ ಎದ್ದು ಬರುತ್ತಿದ್ದವು. ಒಂದೊಂದನ್ನೂ ನನಗೆ ಅರ್ಥ ಮಾಡಿಸಿದರು. ಜೋಡಿ ಗೆರೆಯಾದರೆ ತುಂಬಿದ ಬಕೆಟ್, ಒಂಟಿ ಗೆರೆಯಾದರೆ ಅರ್ಧ, ಸುತ್ತು ಇದ್ದರೆ ಗಿಡಕ್ಕೆ ಹೋಗಿ ಅಲ್ಲಿಗೆ ಮುಗಿಯಿತು ಎಂದು. ಯಾರೂ ಕಲಿಸದೆ ಇಷ್ಟನ್ನು ತಾವೇ ಕಟ್ಟಿಕೊಂಡಿದ್ದರು. ಅಳಿಸು ಎಂದ ಮೇಲೂ ಮೂರು ವಾರ ಪ್ರತಿದಿನ ಬರೆದು, ಪ್ರತಿದಿನ ಅಳಿಸಿದ್ದರು.

"ಅಳಸೋದೇ ಇದ್ರ ಮತ್ತ ಯಾಕ ಬರೀತಿದ್ರಿ?" ಎಂದೆ.

"ಬರೀದಿದ್ರೆ ನಂಗೇ ಲೆಕ್ಕ ತಪ್ಪೋಗದು ಮೇಡಂ."

ಡ್ರಮ್ಮಿನಿಂದ ಬಂದ ಹೊಸ ನೀರಿಗೆ ನೀಲಿ, ಮತ್ತೆ ಬಳಸಿದ್ದಕ್ಕೆ ಕೆಂಪು ಎಂದು ಹೊಸ ಹಾಳೆಗೆ ಇಳಿಸಿದೆವು. ಓದಲಾಗದ ಕಡೆ ಅವರು ಹೇಳಿದ್ದನ್ನು ಹಾಗೇ ಒಪ್ಪಿಕೊಳ್ಳದೆ ಖಾಲಿ ಬಿಟ್ಟೆವು. ಹಾಗೆ ಬಿಡಿ ಎಂದವರೂ ಅವರೇ. ಭಾನುವಾರ ಮಧ್ಯಾಹ್ನ ನೀಲಿ ಮಾತ್ರ ಕೂಡಿಸಿದಾಗ ಹತ್ತೊಂಬತ್ತು ಮನೆಗಳಲ್ಲಿ ಲೆಕ್ಕ ಮೀಟರಿಗೆ ಅರ್ಧ ಬಕೆಟ್ಟಿನೊಳಗೆ ಹೊಂದಿತು. ನಾನು ಕೂಗಿದ ಕೂಗಿಗೆ ಅಳತೆ ಅಕ್ಕನ ಸೊಸೆ ಒಳಗಿಂದ ಓಡಿಬಂದರು. ಮೂರು ಮನೆಗಳದ್ದು ಹೊಂದಲೇ ಇಲ್ಲ, ಏಕೆಂದು ಇಂದಿಗೂ ಗೊತ್ತಿಲ್ಲ.

ಸೋಮವಾರ ರಿವ್ಯೂಗೆ ಅವರನ್ನು ಜೊತೆಗೇ ಕರೆದುಕೊಂಡು ಹೋದೆ. ಮುಖ್ಯಸ್ಥರು ಮೊದಲು ಹುಬ್ಬು ಗಂಟಿಕ್ಕಿದರು. ಹಾಳೆ ನೋಡುತ್ತಾ ನೋಡುತ್ತಾ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. ಕೆಲಸ ವಹಿಸಿದ್ದ ಸಂಸ್ಥೆಯ ಅಧಿಕಾರಿ ಅಳತೆ ಅಕ್ಕನನ್ನು ಒಂದಾದ ಮೇಲೊಂದು ಪ್ರಶ್ನೆ ಕೇಳಿದರು. ಇವರೂ ಸೆರಗು ಸರಿಮಾಡಿಕೊಂಡು, ಬೀದಿಯ ಹೆಂಗಸರ ಜೊತೆ ಮಾತಾಡುವ ಹಾಗೇ, ಎಲ್ಲಕ್ಕೂ ಉತ್ತರ ಕೊಟ್ಟರು.

"ಫಾರ್ಮ್‌ನಲ್ಲಿ ಇದಕ್ಕೊಂದು ಕಾಲಂ ಯಾಕಿರಲಿಲ್ಲ?" ಎಂದು ಅಧಿಕಾರಿ ಕೇಳಿದರು.

"ಫಾರ್ಮ್ ಮಾಡಿದಾಕಿ ನಾನ ಸರ್," ಎಂದೆ. "ಇವರು ತಾವಾಗೇ ಹಾಕಿದ್ದನ್ನ ಅಳಸಿಸಿದಾಕಿನೂ ನಾನ."

ಮುಖ್ಯಸ್ಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇವರನ್ನ ಬಿಡಿಸಿ ಅಂದವನು ನಾನು. ಏನೂ ಅಂದ್ಕೋಬೇಡಿ ತಾಯಿ," ಎಂದರು. ನೂರು ಮನೆಗಳಲ್ಲೂ ಅವರ ಗೆರೆಗಳನ್ನೇ ಹಾಕಿ ಇನ್ನೊಂದು ತಿಂಗಳು ಅಳೆಯುವುದೆಂದು ತೀರ್ಮಾನವಾಯಿತು. ಉಳಿದ ಮೂವರಿಗೆ ಕಲಿಸುವ ಕೆಲಸ ಅಳತೆ ಅಕ್ಕನಿಗೆ ಬಂತು. ನಾನು ಅವರ ಪಕ್ಕದಲ್ಲಿ ಕುಳಿತು ಮೂವರ ಜೊತೆ ನಾಲ್ಕನೆಯವಳಾಗಿ ಕಲಿತೆ.

ಆದರೆ ಅದಕ್ಕೂ ಮೊದಲು ಮಂಗಳವಾರ ಬಂತು, ನೀರು ಬರುವ ದಿನ. ಇಬ್ಬರೂ ಅಳ್ಳಾಳಸಂದ್ರದ ಬೀದಿಯ ತುದಿಯಿಂದ ಶುರುಮಾಡಿದೆವು. ಮೊದಲನೇ ಮನೆಯ ಬಾಗಿಲಲ್ಲಿ ನಿಂತು, "ಅವತ್ತು ನಾ ಅಂದದ್ದು ತಪ್ಪು, ಲೆಕ್ಕ ಸರಿ ಐತಿ, ಫಾರ್ಮ್ ನಂದು ತಪ್ಪಾಗಿತ್ತು" ಎಂದು ಒಂದೇ ಉಸಿರಿಗೆ ಒದರಿದೆ. ಆಯ್ತಾಯ್ತು ಬಿಡಿ ಎಂದರು. ಎರಡನೇ ಮನೆಯಲ್ಲೂ ಹಾಗೇ. ನಾಚಿಕೆಗೆ ಕಿವಿ ಬಿಸಿಯಾಗಿತ್ತು, ಬೇಗ ಮುಗಿದರೆ ಸಾಕಿತ್ತು. ಮೂರನೇ ಮನೆಯದೂ ಮುಗಿಸಿ ಗೇಟು ದಾಟುವಾಗ ಅಳತೆ ಅಕ್ಕ ನನ್ನ ಮೊಣಕೈ ಹಿಡಿದು ನಿಲ್ಲಿಸಿದರು.

"ಮೇಡಂ, ಇಂಗೆ ಗಡಿಬಿಡೀಲಿ ಅನ್ಬೇಡಿ. ಬೈಯುವಾಗ ಒಂದೊಂದು ಮಾತೂ ಬಿಡಿಸಿ ಬಿಡಿಸಿ ಬೈದ್ರಿ. ಬೀದಿಗೆಲ್ಲ ಕೇಳಿಸ್ತು."

ನಾಲ್ಕನೇ ಮನೆಯ ಮುಂದೆ ಐದಾರು ಹೆಂಗಸರು ಕೊಡ ಹಿಡಿದು ನಿಂತಿದ್ದರು. ನಾನು ಅವರ ನಡುವೆ ಹೋಗಿ, ನಲ್ಲಿ ನಿಲ್ಲಿಸಲು ಹೇಳಿ, ಆ ಸದ್ದು ಅಡಗಿದ ಮೇಲೆ, ಬಿಡಿಸಿ ಬಿಡಿಸಿ ಹೇಳಿದೆ. ಯಾರೂ ಆಯ್ತು ಬಿಡಿ ಎನ್ನಲಿಲ್ಲ. ಪೂರ್ತಿ ಕೇಳಿಸಿಕೊಂಡು, ಅವರೆಲ್ಲ ತಿರುಗಿ ಅಳತೆ ಅಕ್ಕನ ಮುಖ ನೋಡಿದರು. ಅವರು ತುರುಬಿನಿಂದ ಪೆನ್ಸಿಲ್ ತೆಗೆದು, ಬಗ್ಗಿ ಮೀಟರ್ ಓದಿ ಬರೆದುಕೊಂಡು, ಮುಂದಿನ ಮನೆಯ ಕಡೆ ನಡೆದರು. ನಾನು ಹಿಂದೆ ಹೊರಟೆ. ಇನ್ನೂ ಹದಿನೆಂಟು ಮನೆಗಳಿದ್ದವು.